ಪೈಥಾನ್ 2.7ರಲ್ಲಿರುವ ಹಳೇ ಜ್ಯಾಂಗೋ ಸೈಟನ್ನು ಹೊಸ ಪೈಥಾನಿಗೆ ತರೋದು ಹೇಗೆ?

ಶಿವಮೊಗ್ಗದ ಆಫೀಸೊಂದಕ್ಕೆ ಹೊಸದಾಗಿ ಸೇರಿದ್ದೀರಿ. ಪೈಥಾನ್ 2.7, ಜ್ಯಾಂಗೋ (ಪೈಥಾನಿನಲ್ಲಿ ವೆಬ್ ಸೈಟ್ ಕಟ್ಟುವ ಚೌಕಟ್ಟು) 1.8ರ ಸೈಟು ಕೈಗೆ ಬಂದಿದೆ. ಯಜಮಾನರು "ಒಂದೇ ಸಲಕ್ಕೆ ಹೊಸ ಪೈಥಾನಿಗೆ ಹಾಕಿಬಿಡಿ, ಒಂದು ವಾರ ಸಾಕಲ್ವಾ" ಅಂತಿದ್ದಾರೆ. ಮೊದಲಿಂದ ಬರೆಯೋದೇ ವಾಸಿನಾ ಅಂತ ನಿಮ್ಮ ಪ್ರಶ್ನೆ. ಮೊದಲಿಂದ ಬರೆಯಬೇಡಿ. ಒಂದು ವಾರಕ್ಕೂ ಒಪ್ಪಿಕೊಳ್ಳಬೇಡಿ.

ಇದೇ ಕೆಲಸವನ್ನು ನಾನು ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮಂಡಿಗೆ ಮಾಡಿಕೊಟ್ಟೆ. ಬೆಳೆಗಾರರ ಖಾತೆ, ತೂಕ, ದರ, ಬಿಲ್ಲು, ಇಷ್ಟೇ ಸೈಟು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಒಂದೊಂದು ದರ್ಜೆಗೂ ಬೇರೆ ದರ. ಸಂಜೆ ಹೊತ್ತು ಮಾತ್ರ ಕೂತು ಎರಡು ತಿಂಗಳು ಹಿಡಿಯಿತು. ಕೋಡು ತಿದ್ದಿದ್ದು ಕಡಿಮೆ, ಲೆಕ್ಕ ತಾಳೆ ನೋಡಿದ್ದೇ ಜಾಸ್ತಿ.

ಮೊದಲು ದಾರಿ ಹೇಳ್ತೀನಿ. ಪೈಥಾನ್ 2ರಲ್ಲಿ ಓಡುವ ಕೊನೆಯ ಜ್ಯಾಂಗೋ 1.11. 2017ರ ಡಿಸೆಂಬರಿನಲ್ಲಿ ಬಂದ 2.0 ಪೈಥಾನ್ 3ನ್ನು ಬಿಟ್ಟು ಬೇರೆ ಕೇಳುವುದಿಲ್ಲ. ಆದರೆ 1.11 ಪೈಥಾನ್ 3.6ರಲ್ಲೂ ಓಡುತ್ತದೆ. ಎರಡೂ ದಡಕ್ಕೆ ತಾಗುವ ಕೊನೆಯ ಸಂಕ ಅದು. ಹಾಗಾಗಿ ಪೈಥಾನ್ 2.7ರಲ್ಲೇ ಇದ್ದುಕೊಂಡು 1.8ರಿಂದ 1.11ಕ್ಕೆ ಬನ್ನಿ. ಆಮೇಲೆ ಜ್ಯಾಂಗೋ ಮುಟ್ಟದೆ ಪೈಥಾನನ್ನು ಮಾತ್ರ 3.6 ಮಾಡಿ. ಅಲ್ಲಿಂದ ಜ್ಯಾಂಗೋ 2.2, ನಂತರ 3.2, ಎರಡೂ ಅದೇ ಪೈಥಾನ್ 3.6ರ ಮೇಲೆ. ಜ್ಯಾಂಗೋ 3.2ರಲ್ಲಿ ನಿಂತು ಪೈಥಾನ್ 3.10 ಮಾಡಿ. ಆಮೇಲೆ ಜ್ಯಾಂಗೋ 4.2, 5.2. ಅಷ್ಟು ದೂರಕ್ಕೂ ಬೇಕಾದ ಪೈಥಾನ್ ಮೂರೇ: 2.7, 3.6, 3.10. ಜ್ಯಾಂಗೋ 5.2 ತಲುಪಿದ ಮೇಲೆ ಪೈಥಾನ್ 3.12ಕ್ಕೆ ಹೋಗೋದು ಸಲೀಸು.

ಒಂದು ಹೆಜ್ಜೆಯಲ್ಲಿ ಎರಡನ್ನೂ ಬದಲಿಸಿದರೆ ತಪ್ಪು ಬಂದಾಗ ಯಾರನ್ನು ಹಿಡಿಯೋದು ಅಂತ ಗೊತ್ತಾಗುವುದಿಲ್ಲ.

ಪೈಥಾನ್ 3.6 ಕೂಡ ಹಳೇದೇ. 2021ರ ಡಿಸೆಂಬರಿಗೇ ಅದರ ಬೆಂಬಲ ನಿಂತಿದೆ. ದಾಟಲಿಕ್ಕೆ ಮಾತ್ರ ಸಾಕು, ಸಂಕದ ಮೇಲೆ ಯಾರೂ ಮನೆ ಕಟ್ಟಲ್ಲ ಅಲ್ವಾ. ಹಳೇ ಪೈಥಾನನ್ನು ಬೇರೆಯಾಗಿ ಇಟ್ಟುಕೊಳ್ಳಲು ಬರುವ ಡಾಕರ್ ಇಲ್ಲವೇ ಪೈಎನ್ವ್ ಬಳಸಿ ಹಾಕಿಕೊಳ್ಳಿ. ನಾನು ಜಾಣತನ ಮಾಡಿ ನೇರ 3.7 ಹಾಕಿದ್ದೆ. ಜ್ಯಾಂಗೋದ ಅಡ್ಮಿನ್ ಭಾಗದಲ್ಲೇ ಸಿಂಟ್ಯಾಕ್ಸ್ ಎರರ್ ಬಂದು ಅರ್ಧ ದಿನ ಹಾಳಾಯಿತು. 3.7 ಬೇಕಿದ್ದರೆ ಜ್ಯಾಂಗೋ 1.11.17 ಅಥವಾ ಅದಕ್ಕಿಂತ ಮುಂದಿನದು ಇರಬೇಕು. ನನ್ನದು ಅದಕ್ಕಿಂತ ಹಳೇದಿತ್ತು.

ಇನ್ನು ಕೋಡಿನ ಕೆಲಸ. ಪ್ರಿಂಟಿಗೆ ಆವರಣ ಹಾಕೋದು, ಪೈಥಾನ್ 2ರಲ್ಲಷ್ಟೇ ಇದ್ದ ಎಕ್ಸ್‌ರೇಂಜ್ ತೆಗೆಯೋದು, ಐಟರ್‌ಐಟಮ್ಸ್ ತೆಗೆಯೋದು, ಇವೆಲ್ಲ 2ಟು3 ಎಂಬ ಉಪಕರಣವೇ ಮಾಡಿಕೊಡುತ್ತದೆ. ಒಂದು ಟೇಬಲನ್ನು ಇನ್ನೊಂದಕ್ಕೆ ಜೋಡಿಸುವ ಫಾರಿನ್ ಕೀಗೆ ಆನ್-ಡಿಲೀಟ್ (ಮೂಲ ಸಾಲು ಅಳಿಸಿದರೆ ಏನು ಮಾಡಬೇಕು ಅನ್ನೋದು) ಬರೆಯದಿದ್ದರೆ ಜ್ಯಾಂಗೋ 2.0 ಶುರುವೇ ಆಗುವುದಿಲ್ಲ. ವಾರ್ನಿಂಗ್ ತೋರಿಸುವ ಆಯ್ಕೆ ಹಾಕಿ ಓಡಿಸಿದರೆ 1.11ರಲ್ಲೇ ಇದನ್ನೆಲ್ಲ ಹೇಳುತ್ತದೆ, ಸುಮ್ನೆ ಓಡಿಸಿದರೆ ಬಾಯಿ ಬಿಡಲ್ಲ. ಮೈಎಸ್‌ಕ್ಯೂಎಲ್-ಪೈಥಾನ್ ಎಂಬ, ಡೇಟಾಬೇಸಿಗೆ ಕೊಂಡಿ ಹಾಕುವ ಲೈಬ್ರರಿ ಪೈಥಾನ್ 3ಕ್ಕೆ ಬರಲಿಲ್ಲ, ಅದರ ಜಾಗಕ್ಕೆ ಮೈಎಸ್‌ಕ್ಯೂಎಲ್‌ಕ್ಲೈಂಟ್ ಹಾಕಿ. ಇಂಥ ತಪ್ಪುಗಳಿಗೆ ಹೆದರಬೇಡಿ. ಅವು ಕೂಗಿಕೊಂಡು ಬರುತ್ತವೆ, ಸಾಲಿನ ನಂಬರನ್ನೂ ಕೊಡುತ್ತವೆ.

ನನ್ನ ನಿದ್ದೆ ಕೆಡಿಸಿದ್ದು ಸದ್ದಿಲ್ಲದ ತಪ್ಪುಗಳು. ಹೊಸ ಸೈಟು ಪ್ರಯೋಗಕ್ಕೆ ಕೊಟ್ಟ ಮೂರನೇ ದಿನ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರು ಫೋನ್ ಮಾಡಿದರು. "ಮಾರಾಯ್ರೆ, ಒಂದು ರೂಪಾಯಿ ಕಮ್ಮಿ ಬರ್ತಾ ಇದೆ. ಎಲ್ಲಾ ಬಿಲ್ಲಿನಲ್ಲೂ ಅಲ್ಲ, ಕೆಲವಕ್ಕೆ ಮಾತ್ರ." ನಾನು ಮೊದಲು ನಂಬಲಿಲ್ಲ. ಕ್ವಿಂಟಾಲಿಗೆ 47,550 ದರ, 35 ಕೆ.ಜಿ. ಅಡಿಕೆ ಅಂದುಕೊಳ್ಳಿ. ಲೆಕ್ಕ 16,642.50. ಹಳೇ ಪೈಥಾನಿನ ರೌಂಡ್ ಅದನ್ನು 16,643 ಮಾಡುತ್ತಿತ್ತು. ಪೈಥಾನ್ 3 ಸರಿಯಾಗಿ ಐವತ್ತು ಪೈಸೆ ಇದ್ದರೆ ಹತ್ತಿರದ ಸರಿಸಂಖ್ಯೆಗೆ ಹೋಗುತ್ತದೆ, ಹಾಗಾಗಿ 16,642. ಅದೇ ದರಕ್ಕೆ 33 ಕೆ.ಜಿ. ಹಾಕಿ: 15,691.50. ಇಲ್ಲಿ ಎರಡೂ ಪೈಥಾನ್ 15,692 ಅಂತಲೇ ಹೇಳುತ್ತವೆ! ಐವತ್ತು ಪೈಸೆಯ ಬಿಲ್ಲುಗಳಲ್ಲೂ ಅರ್ಧಕ್ಕರ್ಧ ಮಾತ್ರ ತಪ್ಪುತ್ತಿತ್ತು, ಅದಕ್ಕೇ ನಾನು ಮಾಡಿದ ಪರೀಕ್ಷೆಗೆ ಸಿಕ್ಕಿರಲಿಲ್ಲ. ಕೊನೆಗೆ ಹಣದ ಲೆಕ್ಕವನ್ನೆಲ್ಲ ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ ಡೆಸಿಮಲ್‌ಗೆ ತಂದು, ಅರ್ಧ ಬಂದರೆ ಮೇಲಕ್ಕೆ ಅಂತ ಬಾಯಿಬಿಟ್ಟು ಬರೆದೆ. ಮೊದಲೇ ಹಾಗೆ ಇರಬೇಕಿತ್ತು.

ಭಾಗಾಕಾರದ ಕಥೆ ಇದಕ್ಕೆ ಉಲ್ಟಾ. ಪೈಥಾನ್ 2ರಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಮಾಯ, 7ನ್ನು 2ರಿಂದ ಭಾಗಿಸಿದರೆ 3. ಪೈಥಾನ್ 3ರಲ್ಲಿ 3.5. ಸರಾಸರಿ ದರದ ವರದಿ ಇಷ್ಟು ವರ್ಷ ತಪ್ಪಾಗಿಯೇ ಬರುತ್ತಿತ್ತು, ಹೊಸದು ಸರಿ ತೋರಿಸಿತು. ಯಜಮಾನರು ಹೊಸದನ್ನೇ ಅನುಮಾನಿಸಿದರು. ಕ್ಯಾಲ್ಕುಲೇಟರ್ ಎದುರಿಗಿಟ್ಟು ತೋರಿಸಬೇಕಾಯಿತು.

ಮೂರನೆಯದು ನಮ್ಮ ಕನ್ನಡದ್ದೇ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. "ತೀರ್ಥಹಳ್ಳಿ" ಬೈಟು ಎಣಿಸುವ ಪೈಥಾನ್ 2ರ ಮಾಮೂಲಿ ಸ್ಟ್ರಿಂಗಿನಲ್ಲಿ (ಅಕ್ಷರಗಳ ಸಾಲು) 30 ಉದ್ದ, ಚಿಹ್ನೆ ಎಣಿಸುವ ಪೈಥಾನ್ 3ರಲ್ಲಿ 10. ಬೆಳೆಗಾರರ ಪಟ್ಟಿಯನ್ನು ಸಿಎಸ್‌ವಿಯಿಂದ ಓದುವ ಕಡೆ ಯಾರೋ ಪುಣ್ಯಾತ್ಮರು "ಮೊದಲ 30 ಮಾತ್ರ" ಅಂತ ಕತ್ತರಿಸಿದ್ದರು. ಹಳೇದರಲ್ಲಿ ಹೆಸರು ಮೊಟಕಾಗಿ ಕಾಲಮ್ಮಿನೊಳಗೆ ಕೂರುತ್ತಿತ್ತು. ಹೊಸದರಲ್ಲಿ ಊರು, ಮನೆ ಹೆಸರು ಸಮೇತ ಪೂರ್ತಿ ಬಂದು ತೂಕದ ಅಂಕಿ ಮೇಲೆ ಹತ್ತಿ ಕೂತಿತು. ನಿಮ್ಮ ಕೋಡಿನಲ್ಲಿ ಕತ್ತರಿಸುವ ಜಾಗಗಳನ್ನೆಲ್ಲ ಒಮ್ಮೆ ಹುಡುಕಿ ನೋಡಿ. ಹಳೇ ಮೈಗ್ರೇಷನ್ ಫೈಲುಗಳಲ್ಲಿ (ಡೇಟಾಬೇಸಿನ ಟೇಬಲ್ ಬದಲಾವಣೆಗಳನ್ನು ಬರೆದಿಟ್ಟ ಫೈಲು) ಉದ್ಧರಣ ಚಿಹ್ನೆಯ ಮುಂದೆ ಬಿ ಅಕ್ಷರ ಇದ್ದರೆ ತೆಗೆದುಹಾಕಿ. ಇಲ್ಲದಿದ್ದರೆ ಏನೂ ಬದಲಿಸದೆಯೂ ಪೈಥಾನ್ 3ರಲ್ಲಿ ಜ್ಯಾಂಗೋ ಹೊಸ ಮೈಗ್ರೇಷನ್ ಹುಟ್ಟಿಸುತ್ತದೆ.

ಇದನ್ನೆಲ್ಲ ಹಿಡಿಯಲು ನಾನು ಕಂಡುಕೊಂಡ ಉಪಾಯ ಒಂದೇ. ಹಿಂದಿನ ವರ್ಷದ ಎಲ್ಲಾ ಬಿಲ್ಲುಗಳನ್ನು ಹಳೇ ಕೋಡಿನಲ್ಲೂ ಹೊಸ ಕೋಡಿನಲ್ಲೂ ಮತ್ತೆ ಹಾಕಿಸಿ, ಎರಡು ಫೈಲುಗಳ ವ್ಯತ್ಯಾಸ ನೋಡೋದು. ಒಂದು ಪೈಸೆ ಬೇರೆ ಬಂದರೂ ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ. ಟೆಸ್ಟ್ ಬರೆದಿಲ್ಲದ ಹಳೇ ಸೈಟಿಗೆ ಇದೇ ಟೆಸ್ಟ್.

ಯಾವಾಗ ಮಾಡೋದು? ನಮ್ಮ ಕಡೆ ಅಡಿಕೆ ವ್ಯವಹಾರವಾದರೆ ಅಡಿಕೆ ಗೊನೆಯ ಕೊಯ್ಲು ಶುರುವಾಗುವ ಮೊದಲೇ ಮುಗಿಸಬೇಕು. ಅಂದರೆ ಮಳೆಗಾಲ. ಮಂಡಿ ಖಾಲಿ, ರೈಟರಿಗೂ ಪುರುಸೊತ್ತು. ಆದರೆ ಆಷಾಢದ ಮಳೆಗೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಮೈಗ್ರೇಟ್ ಓಡುತ್ತಿರುವಾಗ ನನಗೆ ಸರ್ವರಿನ ಸಂಪರ್ಕ ಕಡಿದುಹೋಯಿತು. ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ, ಹಾಗಾಗಿ ಅರ್ಧ ಹೊಸದು, ಅರ್ಧ ಹಳೇದು ಅಂತ ನಿಂತುಬಿಟ್ಟಿತು. ಬ್ಯಾಕಪ್ ಇತ್ತು, ಬಚಾವಾದೆ. ಪೋಸ್ಟ್‌ಗ್ರೆಸ್ ಆಗಿದ್ದರೆ ಅರ್ಧಕ್ಕೆ ನಿಂತ ಮೈಗ್ರೇಷನ್ ತಾನೇ ಹಿಂದಕ್ಕೆ ಹೋಗುತ್ತಿತ್ತು. ನೀವು ಯಾವ ಡೇಟಾಬೇಸ್ ಅಂತ ಬರೆದಿಲ್ಲ. ಮೈಎಸ್‌ಕ್ಯೂಎಲ್ ಆದರೆ ಪ್ರತಿ ಹೆಜ್ಜೆಗೂ ಮುಂಚೆ ಬ್ಯಾಕಪ್ ತೆಗೆದು, ಸರ್ವರಿನಲ್ಲಿ ಟೀಮಕ್ಸ್ ಎಂಬ ಉಪಕರಣದ ಒಳಗೆ ಓಡಿಸಿ. ನಿಮ್ಮ ಕಡೆ ನೆಟ್ ಹೋದರೂ ಅದು ಅಲ್ಲಿ ಓಡುತ್ತಲೇ ಇರುತ್ತದೆ.