ದೇವ್ರ ಮೂಗು ಸವೆಯೋ ತನಕ ಉಜ್ಜಬೇಡಿ

ಶ್ರಾವಣ ಹತ್ರ ಬಂತು ಅಂದ್ರೆ ಸಾಕು, ಹಿತ್ತಾಳೆ ದೇವ್ರುಗಳ ಬಗ್ಗೆ ಪತ್ರ, ಮೆಸೇಜು ಒಂದೇ ಸಮನೆ ಬರತ್ವೆ. ಒಂದೇ ತರದ್ದನ್ನೆಲ್ಲ ಸೇರಿಸಿ ಈ ಸಲ ಐದಕ್ಕೆ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ಪ್ರತಿ ಗುರುವಾರ ಸಂಜೆ ಹುಣಸೆಹಣ್ಣು, ಉಪ್ಪು, ಆಮೇಲೆ ಸಬೀನಾ ಹಾಕಿ ಲಕ್ಷ್ಮಿ ವಿಗ್ರಹ ತೊಳೀತೀನಿ. ಈಗೀಗ ಬಂಗಾರದ ಬಣ್ಣ ಹೋಗಿ ಒಂಥರಾ ಕೆಂಪಗೆ ಕಾಣ್ತಿದೆ, ಎರಡೇ ದಿನಕ್ಕೆ ಮತ್ತೆ ಕಪ್ಪಾಗತ್ತೆ. ಅಂಗಡಿಯವ್ರು ಕಳಪೆ ಹಿತ್ತಾಳೆ ಕೊಟ್ಟು ಮೋಸ ಮಾಡಿದ್ರಾ? (ಶಿವಮೊಗ್ಗದಿಂದ ಒಬ್ಬರು)

ಅಂಗಡಿಯವ್ರನ್ನ ಬೈಬೇಡಿ ಮೇಡಂ, ಇದು ಹುಣಸೆಹಣ್ಣಿನ ಕೆಲಸ. ಹಿತ್ತಾಳೆ ಅಂದ್ರೆ ತಾಮ್ರಕ್ಕೆ ಸತು ಸೇರಿಸಿದ್ದು. ಹುಳಿ ಜಾಸ್ತಿ ಹೊತ್ತು ಕೂತ್ರೆ, ಅದ್ರಲ್ಲೂ ಉಪ್ಪು ಜೊತೆಗಿದ್ರೆ, ಮೇಲ್ಮೈಯಲ್ಲಿರೋ ಸತು ಮೊದಲು ಕರಗಿ ಹೋಗತ್ತೆ, ತಾಮ್ರ ಉಳ್ಕೊಳ್ಳತ್ತೆ, ನಿಮಗೆ ಕಾಣ್ತಿರೋ ಕೆಂಪು ಆ ತಾಮ್ರಾನೇ. ಉಪ್ಪಿನ ಅಂಶ ಸೆರಗಿನ ಮಡಿಕೆಯಲ್ಲಿ, ಪೀಠದ ಸಂದಿಯಲ್ಲಿ ಉಳ್ಕೊಂಡ್ರಂತೂ ಬೇಗ ಕಪ್ಪಾಗತ್ತೆ, ಹಸಿರು ಕಿಲುಬೂ ಹಿಡಿಯತ್ತೆ.

ಸಬೀನಾ, ಸ್ಟೀಲ್ ನಾರು ಇವೆಲ್ಲ ಪಾತ್ರೆಗೆ ಸರಿ. ದೇವ್ರ ಮುಖದಲ್ಲಿ ಕಣ್ಣಿನ ರೆಪ್ಪೆ, ತುಟಿ ಅಂಚು, ಮೂಗಿನ ತುದಿ ಇವನ್ನ ಕೆಲಸದವ್ರು ಎರಕ ಹೊಯ್ದಾದ ಮೇಲೆ ಕೂತ್ಕೊಂಡು ಸಣ್ಣ ಉಳಿಯಲ್ಲಿ ಕೆತ್ತಿರ್ತಾರೆ, ಅದರ ಆಳ ಎಷ್ಟಿರತ್ತೆ ಹೇಳಿ, ವಾರಕ್ಕೊಂದ್ಸಲ ಪುಡಿ ಹಾಕಿ ತಿಕ್ಕಿದ್ರೆ ಹತ್ತಿಪ್ಪತ್ತು ವರ್ಷದಲ್ಲಿ ಮುಖ ನುಣ್ಣಗೆ ಗೋಲಿ ಆಗ್ಬಿಡತ್ತೆ. ಅಜ್ಜಿ ಕಾಲದ ವಿಗ್ರಹಗಳನ್ನ ನೋಡಿ, ಕೆಲವಕ್ಕೆ ಕಣ್ಣು ಎಲ್ಲಿ ಅಂತ ಹುಡುಕ್ಬೇಕು. ಮಿರಮಿರ ಮಿಂಚಿದ್ರೇನೇ ಭಕ್ತಿ ಅನ್ನೋ ಹಠ ನಮ್ಮ ಹೆಂಗಸರಿಗೆ ಯಾಕೋ ಬಂದ್ಬಿಟ್ಟಿದೆ, ಪಕ್ಕದ ಮನೆಯವ್ರು ಅರಿಶಿನ ಕುಂಕುಮಕ್ಕೆ ಬಂದಾಗ ಏನಂದ್ಕೊಳ್ತಾರೋ ಅನ್ನೋದೂ ಅದರಲ್ಲಿ ಸೇರಿದೆ ಬಿಡಿ.

ವಾರ ವಾರ ತೊಳೆಯೋಕೆ ಉಗುರುಬೆಚ್ಚಗಿನ ನೀರು, ಅಂಟುವಾಳ ಕಾಯಿ ನೆನೆಸಿದ ನೊರೆ, ಮಕ್ಕಳ ಮೆತ್ತನೆ ಹಲ್ಲಿನ ಬ್ರಷ್ (ಹೊಸದು, ದೇವ್ರಿಗೇ ಅಂತ ಬೇರೆ ಇಟ್ಕೊಳ್ಳಿ) ಇಷ್ಟು ಸಾಕು. ನಿಮ್ಮದು ಬೋರ್‌ವೆಲ್ ನೀರಾದ್ರೆ ಕೊನೇ ಸಲ ಫಿಲ್ಟರ್ ನೀರು ಹಾಕಿ, ಇಲ್ದಿದ್ರೆ ಬಿಳಿ ಕಲೆ ಕೂರತ್ತೆ. ಆಮೇಲೆ ಹಳೇ ಪಂಚೆ ಬಟ್ಟೆಯಲ್ಲಿ ಒರೆಸಿ, ಒರೆಸಿದ ಮೇಲೂ ಪೀಠವನ್ನ ಬೋರಲು ಹಾಕಿ ಸ್ವಲ್ಪ ಹೊತ್ತು ಫ್ಯಾನ್ ಕೆಳಗೆ ಇಡಿ, ಒಳಗಡೆ ನೀರು ನಿಂತಿರತ್ತೆ, ಅದನ್ನ ಯಾರೂ ನೋಡಲ್ಲ, ಕಿಲುಬು ಶುರುವಾಗೋದೇ ಅಲ್ಲಿಂದ. ಹುಣಸೆ ಬೇಕೇ ಬೇಕು ಅಂದ್ರೆ ವರಮಹಾಲಕ್ಷ್ಮಿಗೆ ಒಂದ್ಸಲ, ದೀಪಾವಳಿಗೆ ಒಂದ್ಸಲ, ಅದೂ ಉಪ್ಪಿಲ್ದೆ ತೆಳ್ಳಗೆ ರಸ ಸವರಿ ಎರಡು ನಿಮಿಷದಲ್ಲಿ ತೊಳೆದ್ಬಿಡಿ. ಈಗಿರೋ ಕೆಂಪು ಹೋಗ್ಬೇಕಾದ್ರೆ ಒದ್ದೆ ಹತ್ತಿಯಲ್ಲಿ ವಿಭೂತಿ ತಗೊಂಡು ಹಗುರವಾಗಿ ಉಜ್ಜಿ, ಮುಖ ಬಿಟ್ಟು. ಒಂದೇ ದಿನದಲ್ಲಿ ಹೋಗಲ್ಲ, ಹೋಗೋದೂ ಬೇಡ.

ಇನ್ನೊಂದು, ತೊಳೆದ ಮೇಲೆ ಹೊಳಪಿಗೆ ಅಂತ ಕೊಬ್ರಿ ಎಣ್ಣೆ ಹಚ್ಚಿ ಬಿಡೋ ಅಭ್ಯಾಸ ಇದ್ರೆ ನಿಲ್ಸಿ. ಎಣ್ಣೆ, ತುಪ್ಪ ಹಳೆಯದಾಗ್ತಾ ಹುಳಿಯಾಗತ್ತೆ, ತಾಮ್ರದ ಜೊತೆ ಸೇರಿ ಹಸಿರು ಜಿಡ್ಡಾಗತ್ತೆ. ದೀಪದ ಕಂಬದ ಬತ್ತಿ ಹತ್ರ ಹಸಿರಾಗೋದು ಇದಕ್ಕೇನೇ.

ಪ್ರಶ್ನೆ: ಶೋಕೇಸಲ್ಲಿ ಹಿತ್ತಾಳೆ ನಟರಾಜ ಇಟ್ಟಿದೀವಿ. ಮನೇಲಿ ತಾಂಡವ ಇದ್ರೆ ಜಗಳ ಆಗತ್ತೆ, ತೆಗೆದುಬಿಡಿ ಅಂತ ನಾದಿನಿ ಹೇಳ್ತಾರೆ. ಅವನ ಕಾಲ ಕೆಳಗೆ ಇರೋನು ಯಾರು? ಅಂದ ಹಾಗೆ ಗ್ಲಾಸ್ ಕ್ಲೀನರ್ ಸ್ಪ್ರೇ ಮಾಡಿ ಒರೆಸಿದ್ರೆ ತೊಂದ್ರೆ ಇಲ್ಲ ತಾನೆ? (ಧಾರವಾಡ)

ಜಗಳಕ್ಕೆ ನಟರಾಜ ಬೇಕಾ ಸಾರ್, ಟೀವಿ ರಿಮೋಟ್ ಸಾಕು. ಭರತನಾಟ್ಯ ಕಲಿಸೋರ ಮನೇಲೆಲ್ಲ ನಟರಾಜನಿಗೆ ದಿನಾ ನಮಸ್ಕಾರ ಆಗತ್ತೆ, ಅವ್ರೆಲ್ಲ ಚೆನ್ನಾಗೇ ಇದಾರೆ.

ನಟರಾಜನನ್ನ ಒಂದ್ಸಲ ನಿಧಾನಕ್ಕೆ ನೋಡಿ, ಅಷ್ಟು ವಿಷಯ ತುಂಬಿರೋ ಮೂರ್ತಿ ಇನ್ನೊಂದಿಲ್ಲ. ಮೇಲಿನ ಬಲಗೈಯಲ್ಲಿ ಡಮರು, ಅದು ಸೃಷ್ಟಿ. ಮೇಲಿನ ಎಡಗೈಯಲ್ಲಿ ಬೆಂಕಿ, ಅದು ಲಯ. ಕೆಳಗಿನ ಬಲಗೈ ಅಭಯ. ಎಡಗೈಯೊಂದು ಆನೆ ಸೊಂಡಿಲಿನ ಹಾಗೆ ಅಡ್ಡ ಬಂದು ಎತ್ತಿದ ಎಡಗಾಲನ್ನ ತೋರಿಸ್ತಿರತ್ತೆ, ಇಲ್ಲಿ ಬಾ, ಈ ಪಾದ ಹಿಡ್ಕೋ ಅಂದ ಹಾಗೆ. ಬಲಗಾಲ ಕೆಳಗಿರೋ ಗಿಡ್ಡ ಅಪಸ್ಮಾರ, ತಮಿಳರು ಮುಯಲಕ ಅಂತಾರೆ, ಅಜ್ಞಾನದ ರೂಪ. ಅವನನ್ನ ಕೊಂದಿಲ್ಲ, ಅದುಮಿ ಇಟ್ಟಿರೋದು ಅಷ್ಟೇ, ಎಷ್ಟೋ ವಿಗ್ರಹದಲ್ಲಿ ತಲೆ ಎತ್ತಿ ನೋಡ್ತಿರ್ತಾನೆ. ಸುತ್ತ ಜ್ವಾಲೆಯ ಪ್ರಭಾವಳಿ, ಜಟೆಯಲ್ಲಿ ಪುಟ್ಟ ಗಂಗೆ. ಒಳ್ಳೆ ಕೆಲಸದ ವಿಗ್ರಹ ಆದ್ರೆ ಕಿವಿ ನೋಡಿ: ಎರಡು ಕಿವಿಗೆ ಎರಡು ತರದ ಓಲೆ, ಬಲಕ್ಕೆ ಗಂಡಸಿನದು, ಎಡಕ್ಕೆ ಹೆಂಗಸಿನದು. ಅರ್ಧನಾರಿ ಅನ್ನೋದನ್ನ ಅಷ್ಟು ಚಿಕ್ಕ ಜಾಗದಲ್ಲಿ ಹೇಳಿದಾರೆ. ನಿಮ್ಮದ್ರಲ್ಲಿ ಎರಡೂ ಒಂದೇ ತರ ಇದ್ರೆ ಮಾಡಿದವ್ರು ಆತುರ ಮಾಡಿದಾರೆ ಅಂತ ತಿಳ್ಕೊಳ್ಳಿ.

ಈ ರೂಪಕ್ಕೆ ಹೆಸರು ತಂದವ್ರು ಚೋಳರ ಕಾಲದ ಶಿಲ್ಪಿಗಳು. ಸಾಮಾನ್ಯವಾಗಿ ಗುಡೀಲಿ ಮೂಲ ಮೂರ್ತಿ ಕಲ್ಲಿಂದು, ಬೀದಿಗೆ ಹೊರಡೋ ಉತ್ಸವ ಮೂರ್ತಿ ಲೋಹದ್ದು, ಆದ್ರೆ ಚಿದಂಬರದಲ್ಲಿ ಗರ್ಭಗುಡಿಯ ನಟರಾಜನೇ ಎದ್ದು ರಥಕ್ಕೆ ಬರ್ತಾನೆ. ನೀವು ಧಾರವಾಡದವ್ರು, ಬಾದಾಮಿ ದೂರ ಇಲ್ಲ, ಅಲ್ಲಿ ಮೊದಲನೇ ಗುಹೆ ಬಾಗಿಲಲ್ಲೇ 18 ಕೈಯ ಶಿವ ಕುಣೀತಿದಾನೆ, ಪಕ್ಕದಲ್ಲಿ ಗಣಪ, ನಂದಿ. ಅದು 6ನೇ ಶತಮಾನದ್ದು, ಚೋಳ ನಟರಾಜರಿಗಿಂತ ಎಷ್ಟೋ ಮುಂಚಿನದು. ನಾದಿನಿಯವ್ರನ್ನೂ ಕರ್ಕೊಂಡು ಹೋಗಿ.

ಗ್ಲಾಸ್ ಕ್ಲೀನರ್ ಮಾತ್ರ ಬೇಡ. ಅದರಲ್ಲಿ ಎಷ್ಟೋ ಬ್ರ್ಯಾಂಡಲ್ಲಿ ಅಮೋನಿಯಾ ಇರತ್ತೆ, ಹಿತ್ತಾಳೆಗೂ ಅಮೋನಿಯಾಕ್ಕೂ ಆಗಿಬರಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಸೈನ್ಯದವ್ರು ಬಂದೂಕಿನ ಹಿತ್ತಾಳೆ ತೋಟಾಗಳನ್ನ ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಡ್ತಿದ್ರಂತೆ, ತಂತಾನೇ ಬಿರುಕು ಬಿಡ್ತಿದ್ವು, ಕೊನೆಗೆ ನೋಡಿದ್ರೆ ಕುದುರೆ ಮೂತ್ರದಿಂದ ಏಳೋ ಅಮೋನಿಯಾ ಕಾರಣ. ನಿಮ್ಮ ನಟರಾಜ ನಾಳೇನೇ ಬಿರುಕು ಬಿಡ್ತಾನೆ ಅಂತಲ್ಲ, ಆದ್ರೆ ಆ ಸಹವಾಸ ಯಾಕೆ. ಶೋಕೇಸ್ ವಿಗ್ರಹಕ್ಕೆ ಒಣ ಬಟ್ಟೆ, ಸಂದಿಗೆ ಪೇಂಟಿಂಗ್ ಬ್ರಷ್, ಅಷ್ಟೇ. ಹೊಸದಾದ್ರೆ ಮೇಲೆ ಲ್ಯಾಕರ್ (ಕಪ್ಪಾಗ್ದಿರ್ಲಿ ಅಂತ ಬಳಿಯೋ ತೆಳು ಲೇಪ) ಇರತ್ತೆ, ಅದಿರೋ ತನಕ ಪಾಲಿಷ್ ಕೇಳಲ್ಲ. ಇದೇ ಲ್ಯಾಕರ್ ಪೂಜೆ, ಅಭಿಷೇಕದ ವಿಗ್ರಹಕ್ಕೆ ಆಗಲ್ಲ, ಅಲ್ಲಲ್ಲಿ ಎದ್ದು ಹುಳುಕು ಹುಳುಕಾಗಿ ಕಾಣತ್ತೆ, ತಗೊಳ್ಳುವಾಗಲೇ ಲ್ಯಾಕರ್ ಇಲ್ದಿರೋದು ಕೇಳಿ.

ಪ್ರಶ್ನೆ: ಮನೆ ದೇವ್ರ ಕೋಣೆಗೆ ಎಷ್ಟು ಎತ್ತರದ ವಿಗ್ರಹ ಇಡ್ಬಹುದು? ಒಳಗೆ ಟೊಳ್ಳಿದ್ರೆ ಪೂಜೆಗೆ ಬರಲ್ವಂತೆ, ಹೌದಾ? (ಹಾಸನ)

ಮತ್ಸ್ಯಪುರಾಣದಲ್ಲಿ ಲೆಕ್ಕ ಇದೆ, ಹೆಬ್ಬೆರಳ ಗಿಣ್ಣಿನಿಂದ ಹಿಡಿದು ಒಂದು ಗೇಣಿನ ತನಕ, ಅದಕ್ಕಿಂತ ದೊಡ್ಡದು ಮನೆಗೆ ಬೇಡ ಅಂತ. ದೊಡ್ಡ ಮೂರ್ತಿ ತಂದ್ರೆ ಅದಕ್ಕೆ ತಕ್ಕ ನೈವೇದ್ಯ, ಪೂಜೆ ನಡೀಬೇಕು, ಆಫೀಸಿಗೆ ಓಡೋ ಮನೇಲಿ ಆಗತ್ತಾ, ನನಗಂತೂ ಅದು ಬುದ್ಧಿವಂತ ಮಾತು ಅನ್ಸತ್ತೆ. ತಮಿಳುನಾಡಿನ ಸ್ವಾಮಿಮಲೈ ಕಡೆ ಸ್ಥಪತಿಗಳು (ವಿಗ್ರಹ ಮಾಡೋರು) ಮೇಣದ ಅಚ್ಚಲ್ಲಿ ಗಟ್ಟಿ ಎರಕ ಹೊಯ್ತಾರೆ, ಪೂಜೆಗೆ ಗಟ್ಟಿಯದೇ ಇರ್ಲಿ ಅನ್ನೋದು ಹಿಂದಿನಿಂದ ಬಂದಿರೋ ರೂಢಿ. ಮೊರಾದಾಬಾದ್, ಅಲಿಗಢದಿಂದ ಬರೋದ್ರಲ್ಲಿ ಟೊಳ್ಳು ಜಾಸ್ತಿ, ಅಲಂಕಾರಕ್ಕೆ ಅಡ್ಡಿಯಿಲ್ಲ. ಕೊಳ್ಳುವಾಗ ಜೇಬಲ್ಲಿ ಒಂದು ಅಯಸ್ಕಾಂತ ಇಟ್ಕೊಂಡು ಹೋಗಿ, ಹಿಡ್ಕೊಂಡ್ರೆ ಅದು ಕಬ್ಬಿಣದ ಮೇಲೆ ಬಣ್ಣ.

ಪ್ರಶ್ನೆ: ಊರಿನ ಮನೆ ಮಾರ್ತಿದೀವಿ. ಮುತ್ತಜ್ಜಿ ಪೂಜೆ ಮಾಡ್ತಿದ್ದ ಅಂಬೆಗಾಲು ಕೃಷ್ಣನನ್ನ ನನ್ನ ಜೊತೆ ಡಲ್ಲಾಸಿಗೆ ತಗೊಂಡು ಹೋಗ್ಬೇಕು ಅಂತ ಆಸೆ. ಸೂಟ್‌ಕೇಸಲ್ಲಿ ಹಾಕಿದ್ರೆ ಆಯ್ತಲ್ವಾ?

ಆಗಲ್ಲಪ್ಪಾ, ತಡೀರಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಲೋಹದ ವಿಗ್ರಹ ಪುರಾತನ ವಸ್ತು, ಮನೇಲಿಟ್ಕೊಂಡ್ರೂ ನೋಂದಣಿ ಆಗ್ಬೇಕು, ದೇಶದ ಹೊರಗೆ ಖಾಸಗಿಯಾಗಿ ಒಯ್ಯೋ ಹಾಗೇ ಇಲ್ಲ. ನಮ್ಮ ಮನೆಯದ್ದೇ, ಮಾರೋಕಲ್ಲ ಅಂದ್ರೂ ನಡೆಯಲ್ಲ. ಮುತ್ತಜ್ಜಿ ಕಾಲದ್ದು ಅಂತೀರ, 100ರ ಈಚೆಗೋ ಆಚೆಗೋ ಅಂತ ನೀವೂ ನಾನೂ ಕೂತು ತೀರ್ಮಾನ ಮಾಡೋ ಹಾಗಿಲ್ಲ. ಭಾರತೀಯ ಪುರಾತತ್ವ ಇಲಾಖೆಗೆ ತೋರಿಸಿ, ಅಷ್ಟು ಹಳೇದಲ್ಲ ಅಂತಾದ್ರೆ ಪುರಾತನ ವಸ್ತು ಅಲ್ಲ ಅಂತ ಸರ್ಟಿಫಿಕೇಟ್ ಕೊಡ್ತಾರೆ, ಅದನ್ನ ವಿಗ್ರಹದ ಜೊತೆನೇ ಇಟ್ಕೊಳ್ಳಿ. ರಜೆಯ ಕೊನೇ ವಾರದಲ್ಲಿ ಹೊರಡಬೇಡಿ, ಮೊದಲ ದಿನಾನೇ ಹೋಗಿ. 100 ದಾಟಿತ್ತು ಅಂದ್ರೆ ತಮ್ಮನ ಮನೇಲೋ ಅಕ್ಕನ ಮನೇಲೋ ಕೃಷ್ಣ ಬೆಣ್ಣೆ ತಿಂದ್ಕೊಂಡಿರ್ಲಿ. ಮನೆ ಖಾಲಿ ಮಾಡೋ ಹೊತ್ತಿಗೆ ಹಳೇ ಸಾಮಾನು ಕೇಳ್ಕೊಂಡು ಬರೋರಿಗೆ ಮಾತ್ರ ಕೊಡ್ಬೇಡಿ.

ಪ್ರಶ್ನೆ: ಹಿತ್ತಾಳೆ ಗಣಪತಿ ಕೈ ಜಾರಿ ಬಿದ್ದು ಒಂದು ಕೈ ಮುರೀತು. ಅಂಟಿಸಿ ಪೂಜೆ ಮಾಡ್ಬಹುದಾ? (ಮಂಡ್ಯ)

ಆಗಮ ಬಲ್ಲ ಅರ್ಚಕರು ಸಾಮಾನ್ಯವಾಗಿ ಹೇಳೋದು, ಕೈ ಕಾಲು ಮೂಗು ಭಿನ್ನವಾದ್ರೆ ಪೂಜೆಗೆ ಬೇಡ, ಪ್ರಭಾವಳಿ ತುದಿಯೋ ಆಯುಧವೋ ಮುರಿದಿದ್ರೆ ರಿಪೇರಿ ಮಾಡಿಸ್ಬಹುದು ಅಂತ. ನಿಮ್ಮ ಮನೆಗೆ ಬರೋ ಪುರೋಹಿತರನ್ನೂ ಒಂದು ಮಾತು ಕೇಳಿ. ಎಂಸೀಲ್ ಹಚ್ಚಿ ಕೂರಿಸೋದು ಬೇಡ, ಅರಳಿಕಟ್ಟೆ ಮೇಲೆ ಒಡೆದ ಫೋಟೋಗಳ ಜೊತೆ ಬಿಟ್ಟು ಬರೋದಂತೂ ಬೇಡವೇ ಬೇಡ, ಗಣಪನನ್ನ ಅನಾಥ ಮಾಡಿದ ಹಾಗೆ ಅದು. ನಿಮಗೆ ನಾಗಮಂಗಲ ಹತ್ರ, ಅಲ್ಲಿ ತಲೆಮಾರುಗಳಿಂದ ಲೋಹದ ವಿಗ್ರಹ ಎರಕ ಹೊಯ್ಯೋರು ಇದಾರೆ. ವಿಸರ್ಜನೆ (ನೀರಿಗೆ ಬಿಡೋದಲ್ಲ, ದೇವ್ರನ್ನ ಬೀಳ್ಕೊಡೋ ಪೂಜೆ) ಮಾಡಿದ ಮೇಲೆ ಆ ಲೋಹ ಕೊಟ್ಟು ಕರಗಿಸಿ ಹೊಸದು ಮಾಡಿಸ್ಕೊಳ್ಳಿ, ಬೇರೆ ಲೋಹದ ಜೊತೆ ಕಲಸ್ಬೇಡಿ ಅಂತ ಮೊದಲೇ ಹೇಳಿ, ಆಗ ಹಳೇ ಗಣಪನೇ ಹೊಸ ಗಣಪ. ಮುರಿದ ಕೈ ಬಿಸಾಕಿಲ್ಲ ತಾನೆ? ಅದನ್ನೂ ಜೊತೆಗೆ ತಗೊಂಡು ಹೋಗಿ.