ಉ: ಡಿಎಸ್3231 ಗಡಿಯಾರ ಚಿಪ್ ವಾರಕ್ಕೆ 1.2 ಸೆಕೆಂಡ್ ಮುಂದೆ ಓಡುತ್ತಿದೆ, ಚಿಪ್ ಬದಲಾಯಿಸಲಾ?

ಬೇಡ ಸರ್, ಸುಮ್ನೆ ದುಡ್ಡು ದಂಡ. ವಾರಕ್ಕೆ 1.2 ಸೆಕೆಂಡ್ ಅಂದ್ರೆ ಹೆಚ್ಚುಕಮ್ಮಿ 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಭಾಗ), ಆ ಚಿಪ್‌ನ ಡೇಟಾಶೀಟ್, ಅಂದ್ರೆ ತಯಾರಕರ ವಿವರಪತ್ರ, ಒಪ್ಪಿಕೊಂಡಿರುವ ಮಿತಿಯೇ ಅಷ್ಟು. ಚಿಪ್‌ನೊಳಗೆ ವೇಗ ತಿದ್ದೋಕೆ ಏಜಿಂಗ್ ಆಫ್‌ಸೆಟ್ ಅಂತ ಒಂದು ರಿಜಿಸ್ಟರ್ (ಅಂಕಿ ಬರೆದಿಡುವ ಪುಟ್ಟ ಜಾಗ) ಇದೆ, ವಿಳಾಸ ಹೆಕ್ಸ್‌ನಲ್ಲಿ 10. ಅಲ್ಲಿ ಒಂದೊಂದು ಅಂಕಿಗೂ 25 ಡಿಗ್ರಿಯಲ್ಲಿ ಸುಮಾರು 0.1 ಪಿಪಿಎಂ ಬದಲಾಗುತ್ತೆ, ಪ್ಲಸ್ ಹಾಕಿದರೆ ಗಡಿಯಾರಕ್ಕೆ ಮಿಡಿತ ಕೊಡುವ ಕ್ರಿಸ್ಟಲ್‌ಗೆ ಕೆಪಾಸಿಟನ್ಸ್ ಜಾಸ್ತಿಯಾಗಿ ಗಡಿಯಾರ ನಿಧಾನ ಆಗುತ್ತೆ, ಹಾಗಾಗಿ ನಿಮಗೆ ಬೇಕಿರೋದು +20. ಬರೆದ ತಕ್ಷಣ ಏನೂ ಆಗಲಿಲ್ಲ ಅಂತ ಗಾಬರಿಯಾಗಬೇಡಿ. ಚಿಪ್ 64 ಸೆಕೆಂಡಿಗೊಮ್ಮೆ ತಾಪಮಾನ ಅಳೆಯುತ್ತಲ್ಲ, ಆಗ ಅದು ಜಾರಿಗೆ ಬರುತ್ತೆ. ಅವಸರ ಇದ್ದರೆ ಕಾನ್ವ್ (CONV) ಬಿಟ್ ಅನ್ನು 1 ಮಾಡಿ, ತಾಪಮಾನ ಆಗಲೇ ಅಳೆಯುತ್ತೆ. ಆಮೇಲೆ ವಾರಗಟ್ಟಲೆ ಕಾಯೋದ್ಯಾಕೆ? ಚಿಪ್‌ನ 1 ಹರ್ಟ್ಸ್ ಔಟ್‌ಪುಟ್ ಆನ್ ಮಾಡಿ, ಜಿಪಿಎಸ್ ಮಾಡ್ಯೂಲ್‌ನ ಪಿಪಿಎಸ್ (ಸೆಕೆಂಡಿಗೊಂದು ನಿಖರ ಮಿಡಿತ) ಪಕ್ಕ ಇಟ್ಟು ಆಸಿಲೋಸ್ಕೋಪ್‌ನಲ್ಲಿ ನೋಡಿ. ಎರಡೂ ಮಿಡಿತಗಳ ಅಂಚುಗಳ ಅಂತರ ಗಂಟೆಗೆ 3.6 ಮಿಲಿಸೆಕೆಂಡ್ ಸರಿದರೆ ಇನ್ನೂ 1 ಪಿಪಿಎಂ ಬಾಕಿ ಇದೆ ಅಂತ.