ಪಂಪ್‌ಹೌಸ್‌ಗೆ ಸ್ವಂತ ವೈ-ಫೈ ಆಗ್ತದಾ?

ಪ್ರಶ್ನೆ: ಮನೆಯಿಂದ ಅಡಿಕೆ ತೋಟದ ಪಂಪ್‌ಹೌಸ್‌ಗೆ 300 ಮೀಟರ್. ನನ್ನ ಹತ್ತಿರ ಎರಡು ಹ್ಯಾಕ್‌ಆರ್‌ಎಫ್ (ಕಂಪ್ಯೂಟರಿಗೆ ಜೋಡಿಸುವ ರೇಡಿಯೋ ಪೆಟ್ಟಿಗೆ) ಇವೆ. ಗ್ನೂ ರೇಡಿಯೋ ಸಾಫ್ಟ್‌ವೇರಿನಲ್ಲಿ ವೈ-ಫೈ ಮಾಡಲು ನೋಡಿದೆ. ಮೊಬೈಲಿನ ಪ್ಯಾಕೆಟ್ ಪರದೆಯಲ್ಲಿ ಕಾಣುತ್ತದೆ, ಕನೆಕ್ಟ್ ಮಾತ್ರ ಆಗುವುದಿಲ್ಲ. ಹೊಸ ಲ್ಯಾಪ್‌ಟಾಪ್ ತಗೊಳ್ಳಲಾ?
— ಒಬ್ಬ ಓದುಗ, ಶಿರಸಿ

ಉತ್ತರ: ಬೇಡ ಮಾರಾಯ್ರೇ, ದುಡ್ಡು ಇಟ್ಟುಕೊಳ್ಳಿ. ವೈ-ಫೈನಲ್ಲಿ ಪ್ಯಾಕೆಟ್ ಮುಟ್ಟಿದ ಕೂಡಲೇ ‘ಬಂತು’ ಅಂತ ರಸೀದಿ ಕಳಿಸಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಅದಕ್ಕಿರುವ ಬಿಡುವು ಬರೀ 10 ಮೈಕ್ರೋಸೆಕೆಂಡ್. ನಿಮ್ಮಲ್ಲಿ ಸಿಗ್ನಲ್ ಯುಎಸ್‌ಬಿ ದಾಟಿ ಲ್ಯಾಪ್‌ಟಾಪ್‌ಗೆ ಹೋಗಿ, ಲೆಕ್ಕ ಮುಗಿಸಿ, ಅದೇ ದಾರಿಯಲ್ಲಿ ವಾಪಸ್ ಬರಬೇಕು. ಸಾಲದ್ದಕ್ಕೆ ಹ್ಯಾಕ್‌ಆರ್‌ಎಫ್ ಹಾಫ್ ಡ್ಯೂಪ್ಲೆಕ್ಸ್. ಕೇಳುವುದನ್ನು ಬಿಟ್ಟೇ ಮಾತಾಡಬೇಕು. ಅಷ್ಟೊತ್ತಿಗೆ ಮೊಬೈಲ್ ಅದೇ ಪ್ಯಾಕೆಟನ್ನು ಮತ್ತೆ ಮತ್ತೆ ಕಳಿಸಿ ಸುಸ್ತಾಗಿರುತ್ತದೆ. ಈ ರಸೀದಿ ಕೆಲಸವನ್ನು ಎಫ್‌ಪಿಜಿಎ (ಬೇಕಾದಂತೆ ಸರ್ಕ್ಯೂಟ್ ಕಟ್ಟಿಕೊಳ್ಳಬಹುದಾದ ಚಿಪ್) ಇರುವ ಬೋರ್ಡಿನೊಳಗೇ ಮುಗಿಸಬೇಕು. ಲ್ಯಾಪ್‌ಟಾಪಿನಿಂದ ಆಗುವಂಥದ್ದಲ್ಲ.

ಪಂಪ್ ಆನ್, ಆಫ್‌ಗೆ ನಾಲ್ಕಾರು ಬೈಟ್ ಸಾಕಲ್ವಾ? ನಿಮ್ಮದೇ ನಿಯಮ ಮಾಡಿಕೊಳ್ಳಿ. ಎಫ್‌ಎಸ್‌ಕೆ (0ಗೆ ಒಂದು ಫ್ರೀಕ್ವೆನ್ಸಿ, 1ಕ್ಕೆ ಇನ್ನೊಂದು), ಸೆಕೆಂಡಿಗೆ 9600 ಬಿಟ್, ರಸೀದಿಗೆ ಅರ್ಧ ಸೆಕೆಂಡ್ ಕಾಯುವುದು. ಪ್ಯಾಕೆಟ್ಟಿನ ಮುಂದೆ ಉದ್ದನೆಯ ಪ್ರಿಆಂಬಲ್ (ಪ್ಯಾಕೆಟ್ ಬರುತ್ತಿದೆ ಅಂತ ಎಚ್ಚರಿಸುವ ಬಿಟ್‌ಗಳು) ಇರಲಿ. ಎರಡೂ ಪೆಟ್ಟಿಗೆಯ ಫ್ರೀಕ್ವೆನ್ಸಿಗೆ ತಾಳ ಹಾಕುವ ಕ್ರಿಸ್ಟಲ್ ಒಂದೇ ತಾಳಕ್ಕೆ ಕುಣಿಯುವುದಿಲ್ಲ. 866 ಮೆಗಾಹರ್ಟ್ಸ್‌ನಲ್ಲಿ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ವ್ಯತ್ಯಾಸ ಅಂದರೆ 17 ಕಿಲೋಹರ್ಟ್ಸ್ ಆಚೆ. ನಿಮ್ಮ ಫಿಲ್ಟರ್ ಕಿರಿದಾಗಿದ್ದರೆ ಸಿಗ್ನಲ್ ಪಕ್ಕದಲ್ಲೇ ಹಾದುಹೋದರೂ ಗೊತ್ತಾಗುವುದಿಲ್ಲ. ಮೊದಲು ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನು ಗೆರೆಯಾಗಿ ತೋರಿಸುವ ಪರದೆ) ಗೆರೆ ಎಲ್ಲಿ ಬೀಳುತ್ತದೆ ನೋಡಿ, ಅಷ್ಟು ಸರಿಸಿಕೊಳ್ಳಿ.

ಪರೀಕ್ಷೆ ಮೇಜಿನ ಮೇಲೆ, ಕೇಬಲ್‌ನಲ್ಲೇ ನಡೆಯಲಿ. ಆದರೆ ನಡುವೆ 30 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ತುಂಡು) ಇಲ್ಲದೆ ಬೇಡವೇ ಬೇಡ. ಹ್ಯಾಕ್‌ಆರ್‌ಎಫ್ ಕಿವಿ ತಡೆಯುವುದು ಮೈನಸ್ 5 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ತನಕ ಮಾತ್ರ. ನಾನು ಕಾರವಾರದ ಮನೆಯಲ್ಲಿ ಒಂದು ರಾತ್ರಿ ಗಡಿಬಿಡಿಯಲ್ಲಿ ಎರಡನ್ನೂ ಗೇಣುದ್ದದ ಕೇಬಲ್‌ನಿಂದ ನೇರ ಜೋಡಿಸಿಬಿಟ್ಟೆ. ಆಂಪ್ಲಿಫೈಯರ್ ಬೇರೆ ಆನ್ ಇತ್ತು. ಹೊಗೆ ಇಲ್ಲ, ವಾಸನೆ ಇಲ್ಲ. ಬೆಳಿಗ್ಗೆ ನೋಡಿದರೆ ಊರಿನ ಆಕಾಶವಾಣಿಯೇ ಗುಸುಗುಸು ಅನ್ನುತ್ತಿತ್ತು! ಕಿವಿಯ ಆಂಪ್ಲಿಫೈಯರ್ ಚಿಪ್ ಹೋಗಿತ್ತು. ಬದಲಿಸುವಾಗ ಭೂತಗನ್ನಡಿ ಹಿಡಿದವಳು ಮಗಳು, ಬೈದವಳೂ ಅವಳೇ.

ಗಾಳಿಗೆ ಬಿಡುವ ಮೊದಲು ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಕಟ್ಟಿ. ಲೈಸೆನ್ಸ್ ಸಿಕ್ಕರೆ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಧೈರ್ಯವಾಗಿ ಆಡಬಹುದು. ಈ ಬೇಸಿಗೆಗೇ ತೋಟಕ್ಕೆ ನೀರು ಬಿಡಬೇಕಿದ್ದರೆ ಮಾತ್ರ, 865–867 ಮೆಗಾಹರ್ಟ್ಸ್‌ನ ಅನುಮೋದಿತ ಲೋರಾ (ಕಡಿಮೆ ಡೇಟಾವನ್ನು ದೂರಕ್ಕೆ ಕಳಿಸುವ ರೇಡಿಯೋ) ಮಾಡ್ಯೂಲ್ ಎರಡು ತಂದು ಹಾಕಿ. ಹ್ಯಾಕ್‌ಆರ್‌ಎಫ್ ಒಂದನ್ನು ಪಕ್ಕದಲ್ಲಿಟ್ಟು ಅವು ಏನು ಮಾತಾಡುತ್ತವೆ ಅಂತ ನೋಡುತ್ತಾ ಕೂರಬಹುದು.